ಡಬ್ಬಿಯಲ್ಲಿ ಉಳಿದ ಚೀಟಿಗಳು

ಆ ದಿನ ಬೆಳಿಗ್ಗೆ ನಾನು ಐದೂಮುಕ್ಕಾಲಿಗೆ ಎದ್ದೆ. ಹಿತ್ತಿಲ ಬಾಗಿಲು ತೆಗೆಯುವ ಮೊದಲು ಫೋನ್ ನೋಡುವುದು ನಮ್ಮ ಕಡೆ ಈಗ ಮುಖ ತೊಳೆಯುವಷ್ಟೇ ಮಾಮೂಲು. ಆನೆ ಯಾವ ತೋಟದಲ್ಲಿದೆ ಎಂದು ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಹಾಕಿರುತ್ತಾರೆ. ಆ ಹೊತ್ತಿಗೆ ಏನೂ ಬಂದಿರಲಿಲ್ಲ. ಆದರೂ ಹೊರಗಿನ ಲೈಟ್ ಹಾಕಿ, ಕಿಟಕಿಯಿಂದ ಹಲಸಿನ ಮರದ ಬುಡವನ್ನೊಮ್ಮೆ ನೋಡಿ, ಆಮೇಲೆ ಚಿಲಕ ಸರಿಸಿದೆ. ನಮ್ಮವರಿಗೆ ಸಕ್ಕರೆಯಿಲ್ಲದ ಕಾಫಿ, ನನಗೆ ಬೆಲ್ಲದ್ದು. ನೆನೆಹಾಕಿದ್ದ ಅಕ್ಕಿ ರುಬ್ಬಿ ನೀರುದೋಸೆಗೆ ಹಿಟ್ಟು ತೆಳ್ಳಗೆ ಮಾಡಿಟ್ಟೆ. ನಮ್ಮವರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, "ರಾತ್ರಿಯೆಲ್ಲಾ ಹೊರಳಾಡ್ತಿದ್ದೆ ನೀನು. ಆ ಚೀಟಿಯದ್ದೇ ಯೋಚನೆಯಾ?" ಎಂದರು. ನಾನು ಕಾವಲಿಗೆ ಈರುಳ್ಳಿ ಉಜ್ಜುತ್ತಿದ್ದೆ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡಬೇಕು. ನಾನು ಸಂಬಳಕ್ಕೆ ದುಡಿದವಳಲ್ಲ. ಕಾನ್ವೆಂಟಿನಲ್ಲಿ ಹತ್ತನೆಯವರೆಗೆ ಓದಿ, ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಒಬ್ಬರನ್ನು ಮದುವೆಯಾಗಿ, ಬೆಳಗೋಡಿನ ಆಚೆಯ ಈ ಗುಡ್ಡಕ್ಕೆ ಬಂದವಳು. ಆದರೆ ಇಪ್ಪತ್ತಮೂರು ವರ್ಷ ನಮ್ಮ ವಾರ್ಡಿನ ಗುರ್ಕಾರ್ತಿಯಾಗಿದ್ದೆ. ಚರ್ಚಿಗೆ ಸೇರಿದ ಮನೆಗಳನ್ನು ವಾರ್ಡುಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬರನ್ನು ಮುಂದಾಳಾಗಿ ಇಡುತ್ತಾರೆ. ಕಾಯಿಲೆಯವರನ್ನು ನೋಡುವುದು, ಬಾಣಂತಿಗೆ ಒಂದು ಹೊತ್ತಿನ ಅಡುಗೆ ಮಾಡಿಕೊಡುವುದು, ಸತ್ತ ಮನೆಯಲ್ಲಿ ಪ್ರಾರ್ಥನೆ ನಡೆಸುವುದು, ಮುನಿಸಿಕೊಂಡವರನ್ನು ಒಂದೇ ಬೆಂಚಿನಲ್ಲಿ ಕೂರಿಸುವುದು, ಇವೆಲ್ಲ ಆ ಮುಂದಾಳಿನ ತಲೆಗೆ. ಕಳೆದ ಜೂನಿನಲ್ಲಿ ಬಿಟ್ಟೆ. ಈಗ ಇಬ್ಬರು ಹೊಸ ಹೆಣ್ಣುಮಕ್ಕಳು ಬಂದಿದ್ದಾರೆ. "ಆಂಟಿ, ನಿಮ್ಮ ಅನುಭವ ಬರೆದುಕೊಡಿ, ನಮಗೆ ಉಪಯೋಗ ಆಗುತ್ತೆ" ಎಂದರು. ಅವರು ಕೇಳಿದ್ದು ಬಹುಶಃ ಮನೆಗಳ ಪಟ್ಟಿಯನ್ನೂ ಪ್ರಾರ್ಥನೆಯ ಕ್ರಮವನ್ನೂ ಇರಬೇಕು. ಅದು ಬೇರೆ ನೋಟ್‌ಬುಕ್ಕಿನಲ್ಲಿದೆ. ಇಲ್ಲಿ ನಾನು ಬರೆಯುತ್ತಿರುವುದು ಮೂರ್ನಾಲ್ಕು ವರ್ಷದ ಹಿಂದಿನ ಒಂದು ತಪ್ಪಿನ ವಿಷಯ, ಮತ್ತು ಆ ತಪ್ಪಿನಿಂದ ನಾನು ಒಂದು ಇಡೀ ಹಗಲು ಪಟ್ಟ ಭಯದ ವಿಷಯ. ಹೆಸರುಗಳನ್ನು ಬದಲಿಸಿದ್ದೇನೆ.

ಅಕ್ಟೋಬರ್ ನಮಗೆ ಜಪಮಾಲೆಯ ತಿಂಗಳು. ಮಾತೆ ಮರಿಯಮ್ಮನ ಸ್ವರೂಪ, ಒಂದು ಮೊಳದ ಪ್ರತಿಮೆ, ದಿನಕ್ಕೊಂದು ಮನೆಗೆ ಹೋಗುತ್ತದೆ. ಸಂಜೆ ಆ ಮನೆಯಲ್ಲಿ ಎಲ್ಲರೂ ಸೇರಿ ಜಪಮಾಲೆ ಹೇಳುತ್ತೇವೆ. ಮಾತೆ ಆ ರಾತ್ರಿ ಅಲ್ಲೇ ಇದ್ದು, ಮರುದಿನ ಸಂಜೆ ಮುಂದಿನ ಮನೆಗೆ ಹೊರಡುತ್ತಾಳೆ. ಒಂದು ಮನೆಯಿಂದ ಇನ್ನೊಂದಕ್ಕೆ ಎತ್ತಿಕೊಂಡು ಹೋಗಬೇಕಾದವಳು ಗುರ್ಕಾರ್ತಿ. ಸ್ವರೂಪದ ಜೊತೆಗೇ ಒಂದು ಬಿಸ್ಕತ್ತಿನ ಡಬ್ಬಿಯೂ ಹೋಗುತ್ತದೆ. ಯಾರಿಗೆ ಏನು ಬೇಕೋ ಚೀಟಿಯಲ್ಲಿ ಬರೆದು, ಹೆಸರು ಹಾಕದೆ, ಮಡಚಿ ಅದರೊಳಗೆ ಹಾಕುತ್ತಾರೆ. ಜಪಮಾಲೆ ಮುಗಿದ ಮೇಲೆ ನಾನು ಒಂದೊಂದೇ ಚೀಟಿ ತೆಗೆದು ಗಟ್ಟಿಯಾಗಿ ಓದಬೇಕು. ಎಲ್ಲರೂ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ" ಎನ್ನಬೇಕು.

ಈ ಡಬ್ಬಿಯನ್ನು ಶುರುಮಾಡಿದವರು ಆಗಿನ ದೊಡ್ಡ ಫಾದರ್. ಬಹಳ ಕಟ್ಟುನಿಟ್ಟು. ಅವರ ಚಪ್ಪಲಿಯ ಶಬ್ದ ನೆನೆದರೆ ನನಗೆ ಈಗಲೂ ಸೆರಗು ಸರಿಮಾಡಿಕೊಳ್ಳುವ ಹಾಗಾಗುತ್ತದೆ. ಅವರು ನನಗೆ ಹಾಕಿದ ನಿಯಮ ಒಂದೇ. "ಚೀಟಿಗಳನ್ನು ಮೊದಲೇ ಬಿಚ್ಚಿ ನೋಡಬಾರದು ಫ್ಲೋರಿ. ನೋಡಿದರೆ ಆರಿಸಬೇಕು ಅನ್ನಿಸುತ್ತೆ. ಬರೆದದ್ದು ಬರೆದ ಹಾಗೆ ಓದು." ನಾನು ಹಾಗೇ ನಡೆದುಕೊಂಡೆ. ಅದರಿಂದ ಒಳ್ಳೆಯದೂ ಆಗಿತ್ತು. ಒಂದು ವರ್ಷ ಯಾರೋ, "ನನ್ನ ಎಡಗಡೆಯ ಗಂಟು ಕರಗಲಿ" ಎಂದು ಬರೆದಿದ್ದರು. ನಾನು ಓದಿದೆ, ಎಲ್ಲರೂ ಆಲಿಸಿ ಎಂದರು. ಆಗ ಹಿಂದಿನ ಸಾಲಿನಲ್ಲಿದ್ದ ನರ್ಸ್ ಒಬ್ಬಳು ಗೋಡೆಯ ಕಡೆ ಮುಖ ಮಾಡಿಕೊಂಡು, "ಯಾರೇ ಆಗ್ಲಿ, ನಾಳೆ ಹತ್ತು ಗಂಟೆಗೆ ನಮ್ಮನೆ ಹಿಂದಿನ ಬಾಗಿಲಿಗೆ ಬನ್ನಿ. ನಾನು ಯಾರಿಗೂ ಹೇಳಲ್ಲ" ಎಂದಳು. ಹೋದವಳು ಯಾರೆಂದು ನನಗೆ ಇವತ್ತಿಗೂ ತಿಳಿಯದು. ಹೋದಳು, ಆಪರೇಷನ್ ಆಯಿತು, ಬದುಕಿದ್ದಾಳೆ ಎಂದಷ್ಟೇ ಆ ನರ್ಸ್ ಹೇಳಿದಳು. ಅಂದಿನಿಂದ ಆ ಡಬ್ಬಿಯ ಮೇಲೆ ನನಗೆ ಕುರುಡು ನಂಬಿಕೆ.

ಈಗ ಶೀಲಾಳ ವಿಷಯ. ಮೂವತ್ತರ ಆಸುಪಾಸಿನ ಹೆಂಗಸು. ಗಂಡ ವಿನ್ಸೆಂಟ್ ಎಸ್ಟೇಟಿನ ಟ್ರ್ಯಾಕ್ಟರ್ ಡ್ರೈವರ್. ಏಳು ವರ್ಷದ ಮಗಳು ರೀಮಾ. ವಾಸ ಎಸ್ಟೇಟಿನ ಆಳುಗಳ ಸಾಲುಮನೆಯಾದ ಲೈನಿನಲ್ಲಿ, ಕೊನೆಯ ಮನೆ. ವಿನ್ಸೆಂಟ್ ಕುಡಿದಾಗ ಹೊಡೆಯುತ್ತಾನೆಂದು ಲೈನಿನವರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಮೊದಲ ಸಲ ಅವಳು ನನ್ನ ಅಡುಗೆಮನೆಗೆ ಬಂದಾಗ ಅವಳ ಬಳೆಯ ಕೆಳಗೆ ಚರ್ಮ ಹಸಿರಾಗಿತ್ತು. ನಾನು ಕಾಫಿ ಕೊಟ್ಟೆ, ಕೈ ಹಿಡಿದು ಪ್ರಾರ್ಥನೆ ಮಾಡಿದೆ. "ದೇವರಿಗೆ ಒಪ್ಪಿಸಿಬಿಡು ಶೀಲಾ, ಆತ ಸರಿಮಾಡ್ತಾನೆ. ನೀನು ಸ್ವಲ್ಪ ತಾಳ್ಕೋ" ಎಂದೆ. ಅವಳು ತಲೆಯಾಡಿಸಿದಳು. ಎರಡನೆಯ ಸಲವೂ ಅದೇ ಹೇಳಿದೆ. ಮೂರನೆಯ ಸಲ ಅವಳು ಏನನ್ನೂ ತೋರಿಸಲಿಲ್ಲ. ಕೊತ್ತಂಬರಿ ಸೊಪ್ಪು ಕೊಟ್ಟು ಹೋದಳು. ನಾನು ಅದನ್ನು ಸುಧಾರಣೆ ಎಂದುಕೊಂಡೆ! ಈ ಕೆಲಸಕ್ಕೆ ಬರುವವರು ಇದನ್ನು ಎರಡು ಸಲ ಓದಿಕೊಳ್ಳಿ. ಒಬ್ಬಳು ತೋರಿಸುವುದನ್ನು ನಿಲ್ಲಿಸಿದರೆ ಗಾಯ ನಿಂತಿತೆಂದು ಅರ್ಥವಲ್ಲ.

ಆ ಬೆಳಗಿಗೆ ಎರಡು ವಾರ ಮೊದಲು, ಭಾನುವಾರ ಚರ್ಚಿನ ಮೆಟ್ಟಿಲಲ್ಲಿ ಅವಳು ಕೇಳಿದ್ದಳು. "ಆಂಟಿ, ನಮ್ಮ ಲೈನಿನ ಹಿಂದಿನ ಗುಡ್ಡ ಹತ್ತಿ ಆ ಕಡೆ ಇಳಿದ್ರೆ ಬಸ್ ಸಿಗುತ್ತಾ?"

"ಸಿಗುತ್ತಲ್ಲ. ಕೆ. ಹೊಸಕೋಟೆ ಕಡೆ ರಸ್ತೆ ಅದು. ಆಲೂರಿನ ಬಸ್ಸು ಬೆಳಿಗ್ಗೆ ಬರುತ್ತೆ" ಎಂದೆ. ಯಾಕೆ ಎಂದು ಕೇಳಲಿಲ್ಲ. ಆಗ ನನ್ನ ಗಮನವೆಲ್ಲ ರೀಮಾಳ ಫ್ರಾಕಿನ ಬಿಚ್ಚಿದ ಹೊಲಿಗೆಯ ಮೇಲಿತ್ತು.

ತಪ್ಪು ನಡೆದದ್ದು ಹೀಗೆ. ನಾನು ಹೇಳುತ್ತಿರುವ ಆ ಬೆಳಗಿಗೆ ಎರಡು ದಿನ ಮೊದಲು ಮಾತೆ ರೋಸಮ್ಮಕ್ಕನ ಮನೆಯಲ್ಲಿದ್ದಳು. ರೋಸಮ್ಮಕ್ಕ ವಿಧವೆ, ಎಪ್ಪತ್ತು ದಾಟಿದವಳು, ಜೀವಮಾನವೆಲ್ಲ ಕಾಫಿ ಕುಯ್ದವಳು. ಶೀಲಾಳ ಪಕ್ಕದ ಮನೆಯೇ ಅವಳದ್ದು. ಅಲ್ಲಿ ಜಪಮಾಲೆ ಮುಗಿದು ಚೀಟಿ ಓದಲು ಕೂತಿದ್ದೆವು. ಆರೇಳು ಚೀಟಿ ಓದುವಷ್ಟರಲ್ಲಿ ಎಲ್ಲರ ಫೋನೂ ಒಟ್ಟಿಗೆ ಕುಂಯ್ ಎಂದವು. ಕೆಳಗಿನ ಕೆರೆಯ ಹತ್ತಿರ ಒಂಟಿ ಆನೆ. ಕತ್ತಲಾಗುವ ಮೊದಲು ಮನೆ ಸೇರಬೇಕೆಂದು ಎಲ್ಲರೂ ಎದ್ದರು. ಡಬ್ಬಿಯಲ್ಲಿ ಚೀಟಿಗಳು ಉಳಿದಿದ್ದವು. "ಉಳಿದದ್ದು ನಾಳೆ ಓದೋಣ" ಎಂದು ನಾನೇ ಮುಚ್ಚಳ ಹಾಕಿದೆ.

ನಾಳೆಯ ಮನೆ ಶೀಲಾಳದ್ದು.

ಅವಳು ತನ್ನ ಚೀಟಿಯನ್ನು ರೋಸಮ್ಮಕ್ಕನ ಮನೆಯಲ್ಲಿ ಹಾಕಿದ್ದು ಯೋಚನೆ ಮಾಡಿಯೇ. ವಿನ್ಸೆಂಟ್ ತನ್ನ ಮನೆಯ ಸರದಿ ಬಿಟ್ಟರೆ ಬೇರೆ ಯಾರ ಮನೆಯ ಜಪಮಾಲೆಗೂ ಬರುವವನಲ್ಲ. ಅಲ್ಲಿ ಓದಿದರೆ ಹತ್ತು ಹೆಂಗಸರು ಅವಳಿಗಾಗಿ ಬೇಡುತ್ತಾರೆ, ಅವನಿಗೆ ತಿಳಿಯುವುದಿಲ್ಲ. ನಾನು ಅದನ್ನು ಕೈಯಾರೆ ಅವಳ ಮನೆಗೇ ಹೊತ್ತುಕೊಂಡು ಹೋದೆ.

ಆ ಸಂಜೆ ವಿನ್ಸೆಂಟ್ ಸ್ನಾನ ಮಾಡಿ, ತಲೆ ಬಾಚಿ, ಬಿಳಿ ಅಂಗಿ ಹಾಕಿ ಬಾಗಿಲ ಪಕ್ಕ ಕೂತಿದ್ದ. ಮಾತೆ ಮನೆಯಲ್ಲಿರುವ ದಿನ ಅವನು ಕುಡಿಯುವುದಿಲ್ಲ. ಅದೊಂದು ಮರ್ಯಾದೆ ಅವನಲ್ಲಿತ್ತು. ನಾನು ಡಬ್ಬಿಯಿಂದ ಚೀಟಿ ತೆಗೆದು ತೆಗೆದು ಓದಿದೆ. ಒಬ್ಬರಿಗೆ ಸೊಂಟನೋವು, ಒಬ್ಬರಿಗೆ ಮಗನ ವೀಸಾ. ಆಮೇಲೆ ಇದು ಬಂತು. "ನಾನು ಮಗುವನ್ನು ಕರೆದುಕೊಂಡು ಹೊರಡುವ ದಿನ ಮನೆಯವರಿಗೆ ಎಚ್ಚರವಾಗದಿರಲಿ. ದಾರಿಯಲ್ಲಿ ಮಾತೆ ನಮ್ಮ ಜೊತೆ ಇರಲಿ."

ಇಪ್ಪತ್ತು ವರ್ಷ ಓದಿದ ಗಂಟಲು ತನ್ನಷ್ಟಕ್ಕೆ ಓದುತ್ತದೆ. ಅರ್ಥ ನನ್ನ ತಲೆಗೆ ಹೋಗುವಷ್ಟರಲ್ಲಿ ಪೂರ್ತಿ ಓದಿಯಾಗಿತ್ತು. ಎಲ್ಲರೂ ಅಭ್ಯಾಸದ ಹಾಗೆ, "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ" ಎಂದರು. ವಿನ್ಸೆಂಟನೂ ಅಂದ. ಅವನ ದನಿ ಎಲ್ಲರಿಗಿಂತ ಗಟ್ಟಿ.

ನಾನು ಶೀಲಾಳ ಕಡೆ ನೋಡಿದೆ. ಲೋಟಗಳಿಗೆ ಪಾನಕ ಬಗ್ಗಿಸುತ್ತಿದ್ದಳು. ಅವಳ ಕೈ ಅಲುಗಲಿಲ್ಲ. ತಲೆಯೆತ್ತಿ ನನ್ನನ್ನು, ಗೋಡೆ ಗಡಿಯಾರವನ್ನು ನೋಡುವ ಹಾಗೆ ಒಮ್ಮೆ ನೋಡಿ ಮತ್ತೆ ಲೋಟದ ಕಡೆ ಬಗ್ಗಿದಳು. ಮುಂದಿನ ಎರಡು ಚೀಟಿ ನಾನು ಏನು ಓದಿದೆನೋ ನೆನಪಿಲ್ಲ. ಎಲ್ಲ ಮುಗಿದ ಮೇಲೆ ವಿನ್ಸೆಂಟ್ ಎದ್ದು ಬಂದ.

"ಡಬ್ಬಿ ಕೊಡಿ ಆಂಟಿ, ಮಾತೆ ಪಕ್ಕ ಇಡ್ತೀನಿ."

"ಬೇಡಪ್ಪಾ, ಇವತ್ತು ಇದನ್ನ ತೊಳೀಬೇಕು. ಇರುವೆ ಹತ್ತಿದೆ" ಎಂದೆ. ಸುಳ್ಳು. ಡಬ್ಬಿಯನ್ನು ಸೆರಗಿನೊಳಗೆ ಹಿಡಿದು ಮನೆಗೆ ಬಂದೆ. ಬಂದವಳೇ ಆ ಚೀಟಿಯನ್ನು ಒಲೆಗೆ ಹಾಕಿದೆ. ಅದರ ಹಿಂಬದಿಯಲ್ಲಿ ರೀಮಾಳ ಶಾಲೆಯ ಮಗ್ಗಿ ಇತ್ತು, ಏಳೊಂದ್ಲ ಏಳು. ಅದನ್ನು ವಿನ್ಸೆಂಟ್ ನೋಡಿದ್ದನೇ, ಇಲ್ಲವೇ? ರಾತ್ರಿಯೆಲ್ಲ ನಾನು ಹೊರಳಾಡಿದ್ದು ಅದಕ್ಕೇ.

ಆ ಬೆಳಗಿಗೆ ಮತ್ತೆ ಬರುತ್ತೇನೆ. ಎರಡನೆಯ ದೋಸೆ ಎತ್ತುವಷ್ಟರಲ್ಲಿ ರೋಸಮ್ಮಕ್ಕ ಫೋನ್ ಮಾಡಿದಳು.

"ಫ್ಲೋರೀ, ಶೀಲಾ ಮನೇಲಿಲ್ಲ ಕಣವ್ವ. ಮಗಾನೂ ಇಲ್ಲ. ವಿನ್ಸಂಟು ಈಗ ಎದ್ದು ಬಾಗ್ಲು ಬಡೀತಾವ್ನೆ ಎಲ್ರ ಮನೇದೂ. ಮಾತೆ ಮುಂದೆ ದೀಪ ಉರೀತೈತೆ. ಎಣ್ಣೆ ತುಳುಕೋ ಹಂಗೆ ತುಂಬ್ಸವ್ಳೆ."

ಆಗ ನನಗೆ ಹೊಳೆಯಿತು. ಅವಳು ಈ ದಿನವನ್ನು ಮೊದಲೇ ಗೊತ್ತುಮಾಡಿಕೊಂಡಿದ್ದಳು. ವರ್ಷಕ್ಕೊಂದು ರಾತ್ರಿ ಮಾತ್ರ ಅವನು ಕುಡಿಯದೆ, ಕೈಯೆತ್ತದೆ ಮಲಗುತ್ತಾನೆ. ಆ ರಾತ್ರಿ ಕಳೆದು ಬೆಳಕು ಹರಿಯುವ ಹೊತ್ತನ್ನೇ ಅವಳು ಆರಿಸಿದ್ದಳು.

ಫೋನ್ ಇಡುವ ಮೊದಲೇ ಅದು ಕೈಯಲ್ಲಿ ನಡುಗಿತು. ವಾಟ್ಸಾಪ್ ಗುಂಪಿನಲ್ಲಿ ಸಂದೇಶ. ಮರಿಯಿರುವ ಹಿಂಡು, ಐದಾರು ಆನೆ, ಲೈನಿನ ಹಿಂದಿನ ಗುಡ್ಡದ ತೋಟದಲ್ಲಿ. ಯಾರೂ ಆ ಕಡೆ ಕೆಲಸಕ್ಕೆ ಹೋಗಬೇಡಿ.

ನಾನು ಕಾವಲಿ ಇಳಿಸಿದ್ದು, ಚಪ್ಪಲಿ ಹಾಕಿಕೊಂಡದ್ದು, ಯಾವುದೂ ನೆನಪಿಲ್ಲ. ನಮ್ಮವರು, "ಎಲ್ಲಿಗೆ? ಆನೆ ಇದೆ ಅಂತಿದಾರೆ!" ಎಂದು ಕೂಗಿದ್ದು ಮಾತ್ರ ಕೇಳಿಸಿತು. ನಾನು ಎಷ್ಟು ಪುಕ್ಕಲಿಯೆಂದರೆ, ನಾಯಿ ಮಲಗಿದ್ದರೂ ರಸ್ತೆಯ ಆಚೆ ಬದಿಗೆ ದಾಟುವವಳು. ಆದರೂ ಲೈನಿನ ಕಡೆ ಹೊರಟೆ.

ವಿನ್ಸೆಂಟ್ ಆಗಲೇ ಯಾರದ್ದೋ ಬೈಕ್ ಹತ್ತಿ ಸಕಲೇಶಪುರದ ಬಸ್‌ಸ್ಟ್ಯಾಂಡಿಗೆ ಹೋಗಿದ್ದ. ಅವನು ಹುಡುಕುತ್ತಿದ್ದದ್ದು ದೊಡ್ಡ ರಸ್ತೆಯಲ್ಲಿ. ಅವಳು ಹೋದ ದಾರಿ ಗೊತ್ತಿದ್ದವಳು ನಾನೊಬ್ಬಳೇ. ಜನರನ್ನು ಕರೆದು ಹೇಳಿದರೆ ಹತ್ತು ನಿಮಿಷದಲ್ಲಿ ಅವನ ಕಿವಿಗೆ ಬೀಳುತ್ತದೆ, ಅವನು ಬೈಕಿನಲ್ಲಿ ಸುತ್ತು ಹಾಕಿ ಆ ಕಡೆಯ ರಸ್ತೆಯಲ್ಲಿ ಅವಳನ್ನು ಹಿಡಿಯುತ್ತಾನೆ. ಹೇಳದಿದ್ದರೆ, ಅವಳು ಮಗುವಿನ ಜೊತೆ ಆನೆಗಳ ನಡುವೆ ಸಿಕ್ಕಿಕೊಂಡಿದ್ದರೆ? ಹಿಂದಿನ ಸಂಜೆ ಬಾಯಿ ಬಿಟ್ಟು ಕೆಡಿಸಿದವಳು, ಈಗ ಬಾಯಿ ಮುಚ್ಚಿ ಕೊಲ್ಲುತ್ತಿದ್ದೇನೆಯೋ ಅನ್ನಿಸಿತು.

ರೋಸಮ್ಮಕ್ಕನಿಗೆ ಮಾತ್ರ ಕಿವಿಯಲ್ಲಿ ಹೇಳಿದೆ. ಅವಳು ಕುಯ್ಲಿನ ಕೋಲು ತೆಗೆದುಕೊಂಡು, "ನಡಿ" ಎಂದಳು.

"ಆನೆ ಇದೆಯಂತೆ ಅಕ್ಕಾ."

"ಐತೆ. ಅದ್ಕೇ ನಡಿ ಅಂದಿದ್ದು."

ಗುಡ್ಡದ ಬುಡದಲ್ಲಿ ಆನೆಗಳ ಜಾಡು ಕಾಯುವ ಕಾವಲುಗಾರ ಪುಟ್ಟರಾಜ ನಿಂತಿದ್ದ. ಐವತ್ತರ ಗಂಡಸು, ಯಾವಾಗಲೂ ಬೀಡಿಯನ್ನು ಕಿವಿಯ ಮೇಲೆ ಇಟ್ಟಿರುತ್ತಾನೆ. ನಮ್ಮನ್ನು ನೋಡಿ ರೇಗಿದ.

"ಏನ್ ಬಾಯಮ್ಮ, ಇಬ್ರಿಗೂ ಜೀವ ಬ್ಯಾಸರ ಆಗೈತಾ? ಹಿಂದಕ್ಕೆ ಹೋಗಿ."

"ಪುಟ್ಟರಾಜ, ಈ ದಾರೀಲಿ ಬೆಳಿಗ್ಗೆ ಯಾರಾದ್ರೂ ಹೋದ್ರಾ? ನೋಡಿ ಹೇಳಪ್ಪ. ಯಾರು ಅಂತ ಕೇಳಬೇಡ. ಯಾರಿಗೂ ಹೇಳಲೂಬೇಡ."

ಅವನು ನನ್ನ ಮುಖ ನೋಡಿದ. ಅವನಿಗೂ ಲೈನಿನ ಸುದ್ದಿ ಮುಟ್ಟಿರಬೇಕು. ಮುಂದೆ ನಡೆದ. ಇಪ್ಪತ್ತು ಮಾರು ನಾವೂ ಹಿಂದೆ ಹೋದೆವು. ಕಾಫಿ ಗಿಡಗಳ ನಡುವಿನ ಕಾಲುದಾರಿ. ಎರಡೂ ಬದಿಯ ಗಿಡಗಳಲ್ಲಿ ಕಟ್ಟಿದ್ದ ಜೇಡರಬಲೆಗಳು ಇಬ್ಬನಿ ಹಿಡಿದು ಬೆಳ್ಳಗೆ ತೂಗುತ್ತಿದ್ದವು. ದಾರಿಗೆ ಅಡ್ಡ ಕಟ್ಟಿದ ಬಲೆಗಳು ಮಾತ್ರ ಹರಿದಿದ್ದವು. ಅಂದರೆ ಯಾರೋ ಹೋಗಿದ್ದಾರೆ. ಕೆಸರಿನಲ್ಲಿ ಹೆಂಗಸಿನ ಚಪ್ಪಲಿಯ ಗುರುತು, ಪಕ್ಕದಲ್ಲಿ ಚಿಕ್ಕ ಶೂಗಳದ್ದು. ನನಗೆ ಅಳು ಬಂತು. ಮಗುವಿಗೆ ಶಾಲೆಯ ಶೂ ಹಾಕಿಸಿ ಕರೆದುಕೊಂಡು ಹೋಗಿದ್ದಾಳೆ.

ಹತ್ತು ಹೆಜ್ಜೆ ಮುಂದೆ ಪುಟ್ಟರಾಜ ಕೈ ಅಡ್ಡ ಹಿಡಿದ. ಅಲ್ಲಿ ಚಿಕ್ಕ ಶೂ ಗುರುತಿನ ಮೇಲೆಯೇ, ಅದನ್ನು ಅರ್ಧ ಅಳಿಸಿ, ಮರದ ಕೊರಡಿನಷ್ಟು ದುಂಡಗಿನ ಹೆಜ್ಜೆ ಬಿದ್ದಿತ್ತು. ನೀರು ಇನ್ನೂ ಅದರೊಳಗೆ ಇಳಿಯುತ್ತಿತ್ತು.

"ಆನೆ ಆಮೇಲೆ ಬಂದೈತೆ" ಎಂದು ಪಿಸುಗುಟ್ಟಿದ. "ಇವ್ರ ಹಿಂದೇನೇ ಹೋಗೈತೆ."

ಎಲ್ಲೋ ಮೇಲೆ ಕೊಂಬೆ ಮುರಿದ ಸದ್ದು. ಆಮೇಲೆ ಒಂದು ಉಸಿರಿನ ಶಬ್ದ, ಯಾರೋ ಗೋಣಿಚೀಲ ಎಳೆದ ಹಾಗೆ. ಬಾಯಿಯಲ್ಲಿ ಜಪಮಾಲೆ ಹೇಳಬೇಕೆಂದರೆ ಒಂದು ಪದವೂ ಬರಲಿಲ್ಲ. ಮೂರು ವರ್ಷದ ಮಗುವಾಗಿದ್ದಾಗಿನಿಂದ ಹೇಳಿದ ಪ್ರಾರ್ಥನೆ ಅದು. ರೋಸಮ್ಮಕ್ಕ ನನ್ನ ಮೊಣಕೈ ಹಿಡಿದು ಹಿಂದಕ್ಕೆ ಎಳೆದಳು. ಪುಟ್ಟರಾಜ, "ನಾನು ಸುತ್ತಿ ಬಳಸಿ ಹೋಗಿ ನೋಡ್ತೀನಿ. ನೀವು ಓಡ್ಬೇಡಿ, ನಡೀರಿ, ನಡೀರಿ" ಎಂದ.

ಲೈನಿಗೆ ಬಂದು ಕಟ್ಟೆಯ ಮೇಲೆ ಕೂತಾಗ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ರೋಸಮ್ಮಕ್ಕನಿಗೆ ಎಲ್ಲ ಹೇಳಿಕೊಂಡೆ. ಚೀಟಿ ಓದಿದ್ದು, ಹಿಂದೆ ತಾಳ್ಕೋ ತಾಳ್ಕೋ ಎಂದದ್ದು.

"ನೀನು ಹೇಳ್ದೆ, ದೇವ್ರಿಗೆ ಒಪ್ಸು ಅಂತ. ಅವ್ಳು ಒಪ್ಸುದ್ಲು" ಎಂದಳು ಅವಳು, ಎಲೆಯಡಿಕೆ ಚೀಲ ಬಿಚ್ಚುತ್ತಾ. "ಆ ದೀಪದ ವಿಷ್ಯ ಹೇಳಿದ್ನಲ್ಲ? ಹೆದ್ರಿ ಓಡೋಳು ಅಷ್ಟು ಎಣ್ಣೆ ಹಾಕ್ತಾಳಾ? ಗಂಡನ್ನೂ ಮನೇನೂ ಮಾತೆ ಕೈಗೆ ಕೊಟ್ಬುಟ್ಟು, ಮಗೀನ ತಗಂಡು ಹೋಗವ್ಳೆ. ನೀನೇ ಇನ್ನೂ ಏನನ್ನೂ ಒಪ್ಸಿಲ್ಲ, ಅದ್ಕೇ ನಡುಗ್ತಾ ಇದೀಯ."

ನನಗೆ ಸಿಟ್ಟು ಬಂತು. "ನಿಮಗೆ ಭಯ ಇಲ್ವಾ ಅಕ್ಕಾ?"

"ಐತಲ್ಲ! ನೋಡು, ಸುಣ್ಣ ಹಚ್ಚಕ್ಕೆ ಆಗ್ತಿಲ್ಲ" ಎಂದು ಕೈ ತೋರಿಸಿದಳು. ಅವಳ ಬೆರಳೂ ನಡುಗುತ್ತಿದ್ದವು. ಇಬ್ಬರಿಗೂ ಯಾಕೋ ನಗು ಬಂದು, ಅಲ್ಲಿಗೇ ನಿಂತಿತು.

ಮನೆಗೆ ಬಂದೆ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಆಲೂರಿನ ಬಸ್ಸು ಹೋಗಿ ಯಾವ ಕಾಲವಾಗಿರುತ್ತದೆ. ಶೀಲಾಳ ಫೋನ್ ಸ್ವಿಚ್ ಆಫ್. ಪುಟ್ಟರಾಜನಿಗೆ ಮಾಡಿದರೆ ಸಿಗ್ನಲ್ ಇಲ್ಲ. ತೆಂಗಿನಕಾಯಿ ಅರ್ಧ ತುರಿದು ಅರ್ಧ ಬಿಟ್ಟು, ಬಾಗಿಲಿಗೆ ಹೋಗಿ ಬಂದು, ಮತ್ತೆ ತುರಿಯಲು ಕೂರುತ್ತಿದ್ದೆ. ಪ್ರಾರ್ಥನೆಯನ್ನೂ ಮಾಡುತ್ತಿದ್ದೆ, ಆದರೆ ಅದು ಚೌಕಾಸಿಯಾಗಿತ್ತು. ಅವರನ್ನು ಉಳಿಸು, ಮೂರು ಶುಕ್ರವಾರ ಉಪವಾಸವಿರುತ್ತೇನೆ. ನನ್ನ ತಪ್ಪನ್ನು ಯಾರಿಗೂ ತಿಳಿಸಬೇಡ, ಏಳು ಶುಕ್ರವಾರ. ಹೀಗೆ ಏರಿಸುತ್ತಾ ಹೋಗಿ, ಒಂಬತ್ತಕ್ಕೆ ಬಂದಾಗ ನನಗೇ ನಾಚಿಕೆಯಾಯಿತು. ತುರಿಮಣೆಯ ಮೇಲೆ ಕೂತಲ್ಲೇ ಹೇಳಿದೆ, ಅವರು ಎಲ್ಲಿದ್ದಾರೋ ನನಗೆ ಕಾಣದು, ನಿನಗೆ ಕಾಣುತ್ತದೆ. ನನ್ನ ತಪ್ಪು ನನ್ನದೇ, ಅದನ್ನು ನಾನೇ ಹೇಳಿಕೊಳ್ಳುತ್ತೇನೆ. ಭಯ ಹೋಗಲಿಲ್ಲ. ಆದರೆ ಉಳಿದ ಕಾಯಿ ತುರಿಯಲು ಕೈ ಬಂತು. ಕೊನೆಯವರೆಗೂ ತುರಿದೆ.

ಒಂದೂವರೆಗೆ ಪುಟ್ಟರಾಜನ ಫೋನ್ ಬಂತು. "ಬಾಯಮ್ಮ, ನೆತ್ತಿ ಗಂಟ ಹೋಗಿ ನೋಡ್ದೆ. ಏನೂ ಸಿಕ್ಕಿಲ್ಲ. ಒಳ್ಳೇದೂ ಇಲ್ಲ, ಕೆಟ್ಟದ್ದೂ ಇಲ್ಲ. ಆ ಕಡೆ ಇಳಿಜಾರಲ್ಲಿ ಆನೆ ನಿಂತವೆ, ಮುಂದಕ್ಕೆ ಬಿಡ್ತಿಲ್ಲ."

ಊಟ ಸೇರಲಿಲ್ಲ. ನಮ್ಮವರೂ ತಟ್ಟೆಯಲ್ಲಿ ಗೆರೆ ಎಳೆಯುತ್ತಾ ಕೂತಿದ್ದರು. ನಾಲ್ಕು ಗಂಟೆಗೆ ನನ್ನ ಕೆಲಸ ನೆನಪಾಯಿತು. ಸಂಜೆ ಮಾತೆಯನ್ನು ಮುಂದಿನ ಮನೆಗೆ ಕರೆದುಕೊಂಡು ಹೋಗಬೇಕು. ಎತ್ತಿಕೊಳ್ಳಬೇಕಾದದ್ದು ವಿನ್ಸೆಂಟನ ಮನೆಯಿಂದ. ಇಪ್ಪತ್ತು ವರ್ಷದಲ್ಲಿ ಮಳೆಗೋ ಸಾವಿಗೋ ಆ ಸರಪಳಿ ಒಂದು ದಿನವೂ ಕಡಿದಿರಲಿಲ್ಲ.

"ಇವತ್ತು ಬೇಡ" ಎಂದರು ನಮ್ಮವರು.

"ಹೋಗದೆ ಇದ್ರೆ ನನಗೆ ಏನೋ ಗೊತ್ತು ಅಂತ ಅವನಿಗೆ ಖಾತ್ರಿ ಆಗುತ್ತೆ."

"ಗೊತ್ತಲ್ವಾ ಮತ್ತೆ?"

"ಗೊತ್ತು. ಅದಕ್ಕೇ ಭಯ."

ಅವರು ತಮ್ಮ ಊರುಗೋಲನ್ನು ನನ್ನ ಕೈಗಿಟ್ಟರು.

ರೋಸಮ್ಮಕ್ಕ ತನ್ನ ಹೊಸ್ತಿಲಲ್ಲೇ ಕಾಯುತ್ತಿದ್ದಳು. ವಿನ್ಸೆಂಟ್ ಬಸ್‌ಸ್ಟ್ಯಾಂಡ್ ಸುತ್ತಿ ವಾಪಸ್ಸು ಬಂದು, ಮಾತೆಯ ಮುಂದೆ ನೆಲದ ಮೇಲೆ ಕೂತಿದ್ದ. ಬಿಳಿ ಅಂಗಿ ಮಾಸಿತ್ತು. ಕುಡಿದಿರಲಿಲ್ಲ. ದೀಪ ಇನ್ನೂ ಉರಿಯುತ್ತಿತ್ತು.

"ಬನ್ನಿ ಆಂಟಿ. ಯಾರು ಬರ್ದಿದ್ದು ಆ ಚೀಟಿ?"

"ಹೆಸರು ಇರಲ್ಲ, ನಿಂಗೊತ್ತು."

"ನಾನೂ ಅಂದೆ ಕಣ್ರೀ! ಎಲ್ರ ಜೊತೆ ನಾನೂ ಆಲಿಸಿ ಅಂದೆ! ನನ್ನ ಹೆಂಡ್ತಿ ಓಡೋಗ್ಲಿ ಅಂತ ನಾನೇ ಬೇಡ್ಕಂಡಂಗಾಯ್ತು." ಅವನು ಎದ್ದು ನಿಂತ. ನನಗೂ ಬಾಗಿಲಿಗೂ ನಡುವೆ ಬಂದ. "ನಿಮಗೆ ಗೊತ್ತೈತೆ ಎಲ್ಲಿಗೆ ಹೋದ್ಲು ಅಂತ. ಗುಡ್ಡದಲ್ಲಿ ಆನೆ ಅವೆ ಅಂತಾರೆ. ಯಾವ ದಾರಿ ಹೇಳಿ."

ಅವನ ಮುಖ ನೋಡಿಯೇ ಹೇಳಿದೆ. "ಗೊತ್ತು. ಆ ದಾರೀನ ಪುಟ್ಟರಾಜನ ಕೈಲಿ ನೋಡಿಸ್ತಾ ಇದೀನಿ. ನಿನಗೆ ಹೇಳಲ್ಲ ವಿನ್ಸೆಂಟ್."

ಅವನು ಕಾಲಿನ ಹತ್ತಿರವಿದ್ದ ಕೊಡಪಾನವನ್ನು ಒದ್ದ. ನೀರು ಚೆಲ್ಲಿ ನನ್ನ ಸೀರೆಯ ಅಂಚಿಗೆ ಬಂತು. ರೋಸಮ್ಮಕ್ಕ ಬಾಗಿಲಾಚೆಯಿಂದ, "ಏಯ್, ಮಾತೆ ಮುಂದೆ ಕಣೋ!" ಎಂದಳು. ಅವನು ಸ್ವರೂಪವನ್ನು ಎತ್ತಿ ಎದೆಗೆ ಒತ್ತಿಕೊಂಡ.

"ಹಂಗಾದ್ರೆ ಇದನ್ನೂ ಕೊಡಲ್ಲ. ಹೇಳಿದ್ರೆ ಕೊಡ್ತೀನಿ. ಅದ್ಹೆಂಗೆ ಮುಂದಿನ ಮನೆಗೆ ಹೋಗ್ತೀರ ನೋಡ್ತೀನಿ."

ಆ ಕ್ಷಣ ನನ್ನ ಕಣ್ಣಿಗೆ ಬಿದ್ದದ್ದು ಅವನ ಉಗುರುಗಳು. ಗ್ರೀಸ್ ಹಿಡಿದು ಕಪ್ಪಾದ ಉಗುರುಗಳು ಮಾತೆಯ ನೀಲಿ ಸೆರಗನ್ನು ಗಟ್ಟಿಯಾಗಿ ಅವುಚಿಕೊಂಡಿದ್ದವು. ಅವನಿಗೂ ನನ್ನಷ್ಟೇ ಭಯವಾಗಿತ್ತು.

"ಇಟ್ಕೋಪ್ಪ" ಎಂದೆ. "ನಿಂಗೇ ಈಗ ಬೇಕಾಗಿರೋದು. ಇನ್ನೊಂದು ಮಾತು ಕೇಳು. ಅವಳು ನನ್ನ ಹತ್ರ ಎರಡು ಸಲ ಬಂದು ಕೈ ತೋರಿಸಿದ್ಲು. ನಾನು ತಾಳ್ಕೋ ಅಂತ ಹೇಳಿ ಕಳಿಸಿದೆ. ಹೊಡೆದವನು ನೀನು, ವಾಪಸ್ಸು ಕಳಿಸಿದವಳು ನಾನು. ನೀನು ಕೂತು ಮಾತೆಗೆ ನಿನ್ನದು ಹೇಳ್ಕೋ. ನಾನು ನಂದು ಹೇಳ್ಕೊಂಡಿದೀನಿ."

ಅವನು ಪಕ್ಕಕ್ಕೆ ಸರಿದದ್ದು ನನಗೆ ದಾರಿ ಬಿಡಲೋ, ಗೋಡೆಗೆ ಒರಗಲೋ ತಿಳಿಯಲಿಲ್ಲ. ಊರುಗೋಲು ಊರಿಕೊಂಡು ಹೊರಗೆ ಬಂದೆ. ಹಿಂದೆ ಅವನ ಅಳು ಕೇಳಿಸಿತು. ನಿಲ್ಲಲಿಲ್ಲ. ಮುಂದಿನ ಮನೆಯವರು ಮೇಜಿಗೆ ಬಿಳಿ ಬಟ್ಟೆ ಹಾಸಿ, ಸೇವಂತಿಗೆ ಜೋಡಿಸಿ ಕಾಯುತ್ತಿದ್ದರು. "ಮಾತೆ ಇವತ್ತು ಬರಲ್ಲ" ಎಂದಷ್ಟೇ ಹೇಳಿದೆ. ಖಾಲಿ ಮೇಜಿನ ಮುಂದೆಯೇ ಜಪಮಾಲೆ ಹೇಳಿದೆವು. ಚೀಟಿ ಓದಲಿಲ್ಲ. ಆ ವರ್ಷದಿಂದ ಚೀಟಿಗಳನ್ನು ನಾನು ಮೊದಲು ಒಬ್ಬಳೇ ಕೂತು ಓದಿಕೊಳ್ಳುತ್ತಿದ್ದೆ. ಗಟ್ಟಿಯಾಗಿ ಓದಬಾರದ್ದನ್ನು ಮಡಚಿಟ್ಟು, ಕಾಲಿಗೆ ಚಪ್ಪಲಿ ಹಾಕಿಕೊಂಡು ಆ ಮನೆ ಯಾವುದಿರಬಹುದೆಂದು ಹುಡುಕಿಕೊಂಡು ಹೋಗುತ್ತಿದ್ದೆ. ದೊಡ್ಡ ಫಾದರ್ ಇದ್ದಿದ್ದರೆ ಬೈಯುತ್ತಿದ್ದರು. ಬೈಸಿಕೊಳ್ಳುತ್ತಿದ್ದೆ.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಪುಟ್ಟರಾಜನಿಂದ ಬೇರೆ ಸುದ್ದಿಯಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಕೂತು ಗುಡ್ಡದ ಕಡೆ ನೋಡುತ್ತಿದ್ದೆ. ಕಾಗೆ ಗುಂಪಾಗಿ ಹಾರಿದರೂ ಎದ್ದು ನಿಲ್ಲುತ್ತಿದ್ದೆ. ನಾಳೆ ಬೆಳಿಗ್ಗೆಯವರೆಗೆ ಸುದ್ದಿಯಿಲ್ಲದಿದ್ದರೆ ನಾನೇ ಪೊಲೀಸರ ಹತ್ತಿರ ಹೋಗಿ ಎಲ್ಲ ಹೇಳುವುದೆಂದು ನಿಶ್ಚಯಿಸಿದ್ದೆ.

ಆಗ ಪಕ್ಕದ ಮನೆಯ ನಫೀಸಾ ಬೇಲಿಯ ಹತ್ತಿರ ಬಂದಳು. ಅವಳ ಗಂಡ ಹಮೀದ್ ಪಿಕಪ್ ಓಡಿಸುತ್ತಾನೆ, ತೋಟಗಳಿಂದ ಬಾಳೆಗೊನೆ ತುಂಬಿ ಹಾಸನದ ಮಾರ್ಕೆಟ್ಟಿಗೆ ಹಾಕುತ್ತಾನೆ. ಬೆಳಿಗ್ಗೆಯಿಂದ ಲೈನಿನಲ್ಲಿ ನಡೆದದ್ದು ಯಾವುದೂ ಅವಳ ಕಿವಿಗೆ ಬಿದ್ದಿರಲಿಲ್ಲ. ತವರಿಗೆ ಹೋಗಿ ಆಗಷ್ಟೇ ಬಂದಿದ್ದಳಂತೆ. ಬುರ್ಖಾವನ್ನೂ ತೆಗೆದಿರಲಿಲ್ಲ. ಕೈಯಲ್ಲಿ ಒಂದು ಬಟ್ಟಲಿತ್ತು.

"ಬಾಯಮ್ಮ, ಎರಡು ಎಸಳು ಕರಿಬೇವು ಕೊಡ್ತೀರಾ? ಇವ್ರು ಮಧ್ಯಾಹ್ನದಿಂದ ಹಸ್ಕಂಡು ಕೂತವ್ರೆ, ಸಾರಿಗೆ ಒಗ್ಗರಣೆ ಹಾಕ್ಬೇಕು. ಇವತ್ತು ಮಾರ್ಕೆಟ್ಟಿಗೆ ತಡ ಆಗ್ಬುಡ್ತಂತೆ. ಬೆಳಿಗ್ಗೆ ಕೆ. ಹೊಸಕೋಟೆ ರೋಡಲ್ಲಿ ಯಾರೋ ಹೆಂಗಸು ಮಗೀನ ಕೈ ಹಿಡ್ಕಂಡು ಅಡ್ಡ ನಿಂತಿತ್ತಂತೆ, ಮೈಯೆಲ್ಲಾ ಕೆಸರು. ಪಾಪ ಅಂತ ಹಾಸನದಲ್ಲಿ ಅವ್ರಕ್ಕನ ಮನೆ ಬಾಗ್ಲು ಗಂಟ ಬುಟ್ಟು ಬಂದ್ರಂತೆ. ಆ ಮಗ ಐತಲ್ಲ, ರೀಮಾ ಅಂತೆ ಹೆಸ್ರು, ಮುಂದಿನ ಸೀಟಲ್ಲಿ ಕೂತು ದಾರಿಯುದ್ದಕ್ಕೂ ಹಾರ್ನ್ ಹೊಡ್ದು ಹೊಡ್ದು ಇವ್ರ ತಲೆ ಚಿಟ್ಟು ಹಿಡಿಸ್ಬುಡ್ತಂತೆ."